ಹದಿನಾರಾಣೆ ಮಾತು ಅಂದ್ರೆ ಏನು? ಆನೇಕಲ್ ಕಡೆಯಿಂದ ಒಂದು ಉತ್ತರ

ನೀವು ಮಂಗಳೂರಿನಿಂದ ಬಂದು ಚಂದಾಪುರದಲ್ಲಿ ಮನೆ ಮಾಡಿದ್ದೀರಿ. ಓನರ್ ಅಜ್ಜಿ "ಬಾಡಿಗೆ ಜಾಸ್ತಿ ಮಾಡಲ್ಲ ಕಣಪ್ಪ, ನಂದು ಹದಿನಾರಾಣೆ ಮಾತು" ಅಂದರಂತೆ. ಇದೇನು ಲೆಕ್ಕ ಅಂತ ಕೇಳಿದ್ದೀರಿ. ಹೇಳುತ್ತೇನೆ.

ಮೊದಲು ನಮ್ಮ ಊರಿನ ವಿಷಯ. ಬೆಂಗಳೂರಿಗೂ ಗಡಿಗೂ ಏನು ಸಂಬಂಧ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಆನೇಕಲ್ ತಾಲ್ಲೂಕು ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲೇ. ಅತ್ತಿಬೆಲೆ ದಾಟಿದರೆ ತಮಿಳುನಾಡು. ನಮ್ಮ ಬೀದಿಯಲ್ಲಿ ಒಂದು ಮನೆ ಕನ್ನಡ, ಪಕ್ಕದ್ದು ತೆಲುಗು, ಎದುರಿನದು ತಮಿಳು. ಜಗಳ ಬಂದರೆ ಮೂರೂ ಒಟ್ಟಿಗೆ.

ಈಗ ಆಣೆಗೆ ಬರೋಣ. ಹಳೇ ರೂಪಾಯಿಗೆ ಹದಿನಾರು ಆಣೆ. ಹದಿನಾರೂ ಇದ್ದರೆ ಪೂರ್ತಿ, ಹಾಗಾಗಿ ಹದಿನಾರಾಣೆ ಮಾತು ಅಂದರೆ ಚೂರೂ ಬೆರಕೆ ಇಲ್ಲದ ಮಾತು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆ ಅಂತಾಯಿತು. ಆದರೂ 25 ಪೈಸೆಯನ್ನು ನಾವೆಲ್ಲ ನಾಲ್ಕಾಣೆ ಅಂತಲೇ ಕರೆಯುತ್ತಿದ್ದೆವು. 2011ರ ಜೂನ್ ಕೊನೆಗೆ ಆ ನಾಣ್ಯವೂ ನಿಂತಿತು.

ನಮ್ಮ ಕಡೆ ಆಣೆ ಗಟ್ಟಿಯಾಗಿ ಉಳಿದದ್ದು ಹೊಲದಲ್ಲಿ. ಕಂದಾಯದವರು ಬೆಳೆಯನ್ನು ಆಣೆವಾರಿ ಅಂದಾಜು ಮಾಡುತ್ತಿದ್ದರು. ಪೂರ್ತಿ ಬಂದರೆ ಹದಿನಾರಾಣೆ, ಅರ್ಧ ಹೋದರೆ ಎಂಟಾಣೆ. ನಮ್ಮ ತಾತ ರಾಗಿ ಹೊಲದ ಬದುವಿನ ಮೇಲೆ ನಿಂತು "ಈ ಸಲ ಹತ್ತಾಣೆ ಆದ್ರೆ ಜಾಸ್ತಿ" ಅನ್ನೋರು. ರಾತ್ರಿ ಒಂದು ಹದ ಮಳೆ ಬಿದ್ದರೆ ಬೆಳಗ್ಗೆ ಒಂದಾಣೆ ಏರಿಸೋರು. ಮನುಷ್ಯರಿಗೂ ಅದೇ ಅಳತೆ. ಅತ್ತೆಯನ್ನು ನೋಡಲು ಬಂದ ಹುಡುಗ ಹೋದ ಮೇಲೆ "ಹನ್ನೆರಡಾಣೆ, ಪರವಾಗಿಲ್ಲ" ಅಂದಿದ್ದರಂತೆ. ಉಳಿದ ನಾಲ್ಕಾಣೆ ಎಲ್ಲಿ ಹೋಯ್ತು ಅಂತ ಮಾವ ಇವತ್ತಿಗೂ ಕೇಳುತ್ತಾರೆ.

ಇನ್ನು ಮೋಸದ ಮಾತುಗಳು. ಇವು ನಮ್ಮಲ್ಲಿ ಭರ್ತಿ ಇವೆ! ಯಾರಾದರೂ ದುಡ್ಡು ತಗೊಂಡು ಮಾಯವಾದರೆ "ಪಂಗನಾಮ ಹಾಕಿದ" ಅನ್ನುತ್ತೇವೆ. ಪಂಗ ಅಂದರೆ ತೆಲುಗಿನಲ್ಲಿ ಕವಲು. ಹಣೆಯ ಮೇಲೆ ಕವಲಾಗಿ ಏಳುವ ನಾಮವನ್ನು ನೆನೆಸಿಕೊಳ್ಳಿ. ಹೊಸೂರು ಕಡೆ ತಮಿಳರು ಇದನ್ನೇ ಪಟ್ಟೈ ನಾಮ ಅನ್ನುತ್ತಾರೆ. ಅಲ್ಲಿ ಅಗಲ, ಇಲ್ಲಿ ಕವಲು, ಅಷ್ಟೇ ವ್ಯತ್ಯಾಸ. ತಮಾಷೆ ಅಂದರೆ, ನಾಮ ಇಟ್ಟುಕೊಳ್ಳುವುದು ಭಕ್ತಿಗೆ, ಹಾಕಿಸಿಕೊಳ್ಳುವುದು ಪೆದ್ದುತನಕ್ಕೆ.

ಫೋರ್ ಟ್ವೆಂಟಿ ನಿಮಗೂ ಗೊತ್ತಿರುತ್ತೆ. 1860ರ ದಂಡಸಂಹಿತೆಯಲ್ಲಿ ವಂಚನೆಯ ಕಲಂ 420. 2024ರ ಜುಲೈ 1ರಿಂದ ಹೊಸ ಕಾನೂನು ಬಂತು, ವಂಚನೆ ಈಗ 318ನೇ ಕಲಂಗೆ ಹೋಗಿದೆ. ಆದರೆ "ಅವನೊಬ್ಬ ತ್ರೀ ಏಟೀನ್" ಅಂತ ಬೈದರೆ ಯಾರಿಗೆ ತಾನೇ ತಾಗುತ್ತೆ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಿಟ್ಟಿ. ಸಂಸ್ಕೃತದ ವಿಷ್ಟಿ ಕನ್ನಡಕ್ಕೆ ಬಂದು ಬಿಟ್ಟಿ ಆಯಿತು. ಹಳೇ ಶಾಸನಗಳಲ್ಲೂ ಈ ಪದ ಇದೆ. ಕೂಲಿ ಕೊಡದೆ ಬಲವಂತವಾಗಿ ಮಾಡಿಸುವ ದುಡಿಮೆ ಅಂತ ಅರ್ಥ. ಬಿಟ್ಟಿ ಚಾಕರಿ ಅನ್ನುವಾಗ ಆ ಅರ್ಥ ಇನ್ನೂ ಇದೆ. ಆದರೆ "ಬಿಟ್ಟಿ ಸಿಕ್ತು" ಅಂದಾಗ ಎಲ್ಲ ತಿರುಗಿಬಿಟ್ಟಿದೆ. ಆಗ ಬಿಟ್ಟಿ ಅಂದರೆ ಬೆವರು ಸುರಿಸಿ ಬರಿಗೈಲಿ ಮನೆಗೆ ಹೋದವನ ಪಾಡು. ಈಗ ಕರೆಯದ ಮದುವೆಗೆ ಹೋಗಿ ಎರಡು ಹೋಳಿಗೆ ಹಾಕಿಸಿಕೊಂಡವನ ಖುಷಿ.

ಹಾಂ, ನಿಮ್ಮ ಅಜ್ಜಿ "ಮಗ ದಂಡಿಗೆ ಹೋಗಿದ್ದಾನೆ" ಅಂದರೆ ಸೈನ್ಯಕ್ಕೆ ಸೇರಿದ ಅಂದುಕೊಳ್ಳಬೇಡಿ. ದಂಡು ಅಂದರೆ ಕಂಟೋನ್ಮೆಂಟ್. ಬ್ರಿಟಿಷರ ಸೈನ್ಯ ಅಲ್ಲಿ ಬೀಡು ಬಿಟ್ಟಿತ್ತು, ಅದಕ್ಕೇ ಆ ಹೆಸರು. ಅವನು ಸುಮ್ನೆ ಶಿವಾಜಿನಗರಕ್ಕೆ ಸಾಮಾನು ತರಲು ಹೋಗಿರುತ್ತಾನೆ.

ಅಂದ ಹಾಗೆ, ಮನೆ ಖಾಲಿ ಮಾಡುವಾಗ ಅಜ್ಜಿ ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಅಂತ ಎಷ್ಟು ಹಿಡಿದುಕೊಳ್ಳುತ್ತಾರೆ ನೋಡಿ. ಅವರ ಮಾತು ಎಷ್ಟಾಣೆಯದು ಅಂತ ಆಗ ನನಗೂ ತಿಳಿಸಿ.