ಸೋಮಾಲಿ ಹುಡುಗಿಯೊಬ್ಬಳಿಗೆ ಪಾಠ ಹೇಳಿಕೊಡುತ್ತಿದ್ದೇನೆ. ಮನೆಯವರ ಒತ್ತಡದಿಂದ ಅವಳನ್ನು ಹೊರಗೆ ತರುವುದು ಹೇಗೆ?

ತರಬೇಡಿ. ಮೊದಲು ಅವರ ಮನೆ ಒಳಗೆ ಹೋಗಿ.

ಅಮೆರಿಕದ ಮಿನಿಯಾಪೊಲಿಸ್, 11ನೇ ಕ್ಲಾಸು, ಲೆಕ್ಕದಲ್ಲಿ ಚುರುಕು, ಮನೆ ತುಂಬ ತಮ್ಮ ತಂಗಿಯರು, ಕಾಲೇಜಿನ ಮಾತು ಬಂದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ ಎದೆ ಧಸಕ್ ಅಂತು. ನನ್ನ ಹತ್ತಿರ ಓದುತ್ತಿದ್ದವಳೂ ಹೀಗೇ ಇದ್ದಳು.

2018ರಲ್ಲಿ ನಾನು ನಿಮ್ಮೂರಿನ ಸೋಮಾಲಿಗಳ ಬಡಾವಣೆ ಸೀಡರ್-ರಿವರ್‌ಸೈಡ್‌ಗೆ ವಾರಕ್ಕೆ ಎರಡು ಸಂಜೆ ಹೋಮ್‌ವರ್ಕ್ ಹೇಳಿಕೊಡಲು ಹೋಗುತ್ತಿದ್ದೆ. ಬಣ್ಣದ ಫಲಕಗಳಿರುವ ಆ ಎತ್ತರದ ಕಟ್ಟಡಗಳು, ರಿವರ್‌ಸೈಡ್ ಪ್ಲಾಜಾ, ನೀವೂ ನೋಡಿರುತ್ತೀರಿ. ಅವಳ ಮನೆ ಅಲ್ಲೇ. 1991ರಲ್ಲಿ ಸೋಮಾಲಿಯಾದಲ್ಲಿ ಸರ್ಕಾರ ಬಿದ್ದಾಗ ಅವಳ ಅಜ್ಜಿ ಮಕ್ಕಳನ್ನು ಕರೆದುಕೊಂಡು ಗಡಿ ದಾಟಿ ಕೀನ್ಯಾದ ದದಾಬ್ ಕ್ಯಾಂಪಿಗೆ ಬಂದವರು. ಅಮ್ಮ ಬೆಳೆದದ್ದು ಆ ಕ್ಯಾಂಪಿನಲ್ಲಿ. ಇವಳು ಹುಟ್ಟಿದ್ದೂ ಅಲ್ಲೇ. ಅಮೆರಿಕಕ್ಕೆ ಬಂದಾಗ ಆರು ವರ್ಷ.

ಅವಳ ದಿನ ಹೇಗಿತ್ತು ಗೊತ್ತಾ? ಶಾಲೆ ಮುಗಿಸಿ ತಮ್ಮಂದಿರನ್ನು ಕರೆದುಕೊಂಡು ಬರಬೇಕು. ಶನಿವಾರ, ಭಾನುವಾರ ದುಗ್ಸಿ, ಅಂದರೆ ಕುರಾನ್ ಪಾಠ. ಅಜ್ಜಿ ಡಾಕ್ಟರ ಹತ್ತಿರ ಹೋದರೆ ಮಾತು ಅನುವಾದ ಮಾಡಲು ಜೊತೆಗೆ ಇವಳೇ. ಹನ್ನೊಂದನೇ ವಯಸ್ಸಿನಿಂದ ಮಾಡುತ್ತಿದ್ದಳು. ಒಂದು ಸಲ ಅಜ್ಜಿಯ ಮಾತ್ರೆ ಡಬ್ಬಿ ತಂದು ತೋರಿಸಿದಳು. ಅಜ್ಜಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅದಕ್ಕೆ ಬೆಳಗಿನ ಮಾತ್ರೆಯ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದಿದ್ದಳು. ಎರಡು ಮಾತ್ರೆ ತೆಗೆದುಕೊಳ್ಳಬೇಕಾದ ಕಡೆ ಎರಡು ಚಂದ್ರ. ಒಂದರ ಮೇಲಿನ ಸೂರ್ಯ ಬೆರಳು ತಾಗಿ ತಾಗಿ ಅರ್ಧ ಅಳಿಸಿಹೋಗಿತ್ತು.

ಆ ಅಜ್ಜಿ ಕ್ಯಾಂಪಿನಲ್ಲಿ ಸೂಲಗಿತ್ತಿ. ಎಷ್ಟೋ ಮಕ್ಕಳನ್ನು ಕೈಯಲ್ಲಿ ಹಿಡಿದವರು. ನಾನು ತಿಪಟೂರಿನವಳು. ನಮ್ಮ ಜಿಲ್ಲೆಯ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ ಅದೇ 2018ರಲ್ಲಿ ಪದ್ಮಶ್ರೀ ಬಂದಿತ್ತು. ಅವರ ಫೋಟೋ ತೋರಿಸಿದೆ. ಹುಡುಗಿ ಅದನ್ನು ಫೋನಿಗೆ ಹಾಕಿಸಿಕೊಂಡು ಹೋಗಿ ಅಜ್ಜಿಗೆ ತೋರಿಸಿದಳಂತೆ. ತಾನೂ ನರ್ಸ್ ಆಗಬೇಕು, ಆಮೇಲೆ ಹೆರಿಗೆ ಮಾಡಿಸುವುದನ್ನೇ ಓದಬೇಕು ಅಂತ ಅವಳ ಆಸೆ. ಈ ಆಸೆ ಬಂದದ್ದು ಎಲ್ಲಿಂದ? ಆ ಮನೆಯಿಂದಲೇ ಅಲ್ವಾ? ಇಷ್ಟು ಕಣ್ಣ ಮುಂದೆ ಇದ್ದರೂ ನಾನು ಮನೆಯೇ ಅವಳಿಗೆ ಅಡ್ಡಿ ಅಂದುಕೊಂಡೆ.

ಈಗ ನನ್ನ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ. ನೀವು ಅದೇ ದಾರಿಯಲ್ಲಿ ಇರುವುದರಿಂದ ಪೂರ್ತಿ ಹೇಳಲೇಬೇಕು.

2019ರ ಮಾರ್ಚ್‌ನಲ್ಲಿ ಒಂದು ಒಳ್ಳೆಯ ಖಾಸಗಿ ಕಾಲೇಜಿನಿಂದ ಅವಳಿಗೆ ಸೀಟು ಸಿಕ್ಕಿದ ಪತ್ರ ಬಂತು. ಎಷ್ಟು ನೆರವು ಕೊಡುತ್ತೇವೆ ಅಂತ ಜೊತೆಗೊಂದು ಹಾಳೆ. ಮುಕ್ಕಾಲು ಪಾಲು ವಾಪಸ್ ಕೊಡಬೇಕಿಲ್ಲದ ದುಡ್ಡು. ಕೊನೆಯ ಸಾಲಿನಲ್ಲಿ ಕೇಂದ್ರ ಸರ್ಕಾರದ ಸಾಲ, 5,500 ಡಾಲರ್. ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. "ಇದನ್ನು ಹೋಯೋಗೆ ಹೇಗೆ ಹೇಳುವುದು?" ಅಂದಳು. ಹೋಯೋ ಅಂದರೆ ಅಮ್ಮ.

ಆ ಮಾತಿಗೆ ನಾನೇ ಅರ್ಥ ಕಟ್ಟಿಕೊಂಡೆ. ಮಗಳು ದೂರ ಹೋಗುವುದು ಅಮ್ಮನಿಗೆ ಇಷ್ಟ ಇಲ್ಲ, ಮನೆಕೆಲಸಕ್ಕೆ, ತಮ್ಮಂದಿರನ್ನು ನೋಡಿಕೊಳ್ಳಲು ಇವಳು ಬೇಕು, ಹೆಣ್ಣುಮಗಳು ಬೇರೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನಿನಗೆ 18 ತುಂಬಿದೆ. ಸಾಲದ ಪತ್ರಕ್ಕೆ ನಿನ್ನ ಸಹಿ ಸಾಕು. ಅಮ್ಮನ ಸಹಿ ಬೇಕಾಗಿಲ್ಲ" ಅಂದೆ. ಕಾನೂನಿನ ಪ್ರಕಾರ ಅದು ನಿಜ. ನಿಜ ಆಗಿದ್ದಕ್ಕೇ ಅಷ್ಟು ಧೈರ್ಯವಾಗಿ ಹೇಳಿದೆ.

ಅವಳ ಕಷ್ಟ ಮನೆ ಬಿಡುವುದಲ್ಲ, ಬಡ್ಡಿ. ಬಡ್ಡಿ ತೆಗೆದುಕೊಳ್ಳುವುದೂ ಕೊಡುವುದೂ ಇಸ್ಲಾಮಿನಲ್ಲಿ ನಿಷಿದ್ಧ ಅಂತ ಅವರ ಮನೆಯಲ್ಲಿ ಗಟ್ಟಿಯಾಗಿ ನಂಬುತ್ತಾರೆ. ಕಾರನ್ನು ಕೂಡ ಕಂತಿನಲ್ಲಿ ತೆಗೆದುಕೊಂಡವರಲ್ಲ. ಅಂದರೆ ಅವಳ ಕಿವಿಗೆ ನನ್ನ ಮಾತು ಬಿದ್ದದ್ದು ಹೀಗೆ: ಟೀಚರ್ ನನಗೆ ಹರಾಮ್ ಕೆಲಸ ಮಾಡು ಅನ್ನುತ್ತಿದ್ದಾರೆ, ಅದೂ ಅಮ್ಮನಿಗೆ ಗೊತ್ತಾಗದ ಹಾಗೆ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೆಸೇಜಿಗೆ ಉತ್ತರ ಇಲ್ಲ. ಸೀಟು ಒಪ್ಪಿಕೊಳ್ಳಲು ಕೊನೆಯ ದಿನ, ಮೇ 1, ದಾಟಿತು. ಸೀಟು ಹೋಯಿತು.

ಜೂನ್‌ನಲ್ಲಿ ಅವಳ ಅಮ್ಮನೇ ನನ್ನನ್ನು ಮನೆಗೆ ಕರೆದರು. ಬೈಗುಳಕ್ಕೆ ಸಿದ್ಧವಾಗಿ ಹೋಗಿದ್ದೆ. ಏಲಕ್ಕಿ, ಚಕ್ಕೆ ಹಾಕಿದ ಚಹಾ ಬಂತು. ಅಮ್ಮ ಮಗಳನ್ನೇ "ಹೋಯೋ" ಅಂತ ಕರೆಯುವುದು ಕೇಳಿ ತಬ್ಬಿಬ್ಬಾದೆ. ಅವರಲ್ಲಿ ತಾಯಂದಿರು ಮಕ್ಕಳನ್ನೂ ಹಾಗೇ ಕರೆಯುತ್ತಾರೆ. ನಮ್ಮ ಅಮ್ಮ ನನ್ನನ್ನು "ಬಾರಮ್ಮ" ಅನ್ನುತ್ತಿದ್ದರಲ್ಲ, ಹಾಗೆ.

ಆಮೇಲೆ ಅವರು ಒಂದು ವಿಷಯ ಹೇಳಿದರು. ಹನ್ನೆರಡು ಹೆಂಗಸರು ಸೇರಿ ಅಯ್ಯೂತೊ ನಡೆಸುತ್ತಿದ್ದರು. ತಿಂಗಳಿಗೆ ತಲಾ 500 ಡಾಲರ್. ನಮ್ಮ ಚೀಟಿಯೇ. ಕೂಗುವುದು, ಹರಾಜು ಏನೂ ಇಲ್ಲ, ಸರದಿ ಬಂದವರಿಗೆ ಪೂರ್ತಿ ಗಂಟು. ಜುಲೈ ತಿಂಗಳ ಸರದಿ ಅವರದು. 6,000 ಡಾಲರ್. ಮಗಳ ಕಾಲೇಜಿಗೆ ಅಂತಲೇ, ವಯಸ್ಸಾದವರನ್ನು ನೋಡಿಕೊಳ್ಳುವ ರಾತ್ರಿ ಪಾಳಿ ಮಾಡಿ ಕಟ್ಟಿದ್ದರು. ಮಗಳಿಗೆ ಹೇಳಿರಲಿಲ್ಲ. ಮಗಳು ಹಾಳೆ ತೋರಿಸಿರಲಿಲ್ಲ. ಮಧ್ಯದಲ್ಲಿ ಇದ್ದವಳು ನಾನು. "ನೀವು ಒಂದು ಸಲ ನನ್ನ ಹತ್ತಿರ ಬಂದಿದ್ದರೆ ಆಗುತ್ತಿತ್ತು" ಅಂದರು ಅಷ್ಟೇ.

ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ನಮ್ಮಮ್ಮ ಎತ್ತಿದ ಚೀಟಿಯಿಂದ. ಬೀದಿಯ ಹೆಂಗಸರ ಜೊತೆ ಅಪ್ಪನಿಗೂ ಗೊತ್ತಿಲ್ಲದ ಹಾಗೆ ಹಾಕುತ್ತಿದ್ದರು. ಅಂಥ ದುಡ್ಡಿನಲ್ಲಿ ಓದಿದವಳು ಇನ್ನೊಬ್ಬ ಅಮ್ಮನಿಗೆ ದಾರಿ ಗೊತ್ತಿಲ್ಲ ಅಂತ ತೀರ್ಮಾನ ಮಾಡಿಬಿಟ್ಟೆನಲ್ಲ. ಆ ದಿನ ರೈಲಿನಲ್ಲಿ ಬರುವಾಗ ಅತ್ತೆ.

ಅವಳು 2020ರ ಜನವರಿಯಲ್ಲಿ ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜಿಗೆ ಸೇರಿದಳು. ಕೊರೋನಾ ಬಂತು, ನಿಧಾನವಾಯಿತು. 2023ರಲ್ಲಿ ನರ್ಸ್ ಲೈಸೆನ್ಸ್ ಬಂತು. ಈಗ ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿ, ಜೊತೆಗೆ ಡಿಗ್ರಿ. ಚೆನ್ನಾಗಿದ್ದಾಳೆ. ಆದರೂ ಆ ಸೀಟು ಹೋದದ್ದು ನನ್ನಿಂದ, ಅದು ಹಾಗೇ ಇದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಒತ್ತಡ" ಅನ್ನುವ ಪದವನ್ನೇ ಮೊದಲು ಬಿಡಿ. ತಮ್ಮಂದಿರನ್ನು ಕರೆತರುವುದು, ಊರಿನ ನೆಂಟರಿಗೆ ತಿಂಗಳು ತಿಂಗಳು ದುಡ್ಡು ಕಳಿಸುವುದು ಅವಳಿಗೆ ಭಾರ ಇರಬಹುದು, ಆದರೆ ಅವಳು ಅದನ್ನು ಇಳಿಸಿ ಓಡಿಹೋಗಲು ಕಾಯುತ್ತಿಲ್ಲ. ಸಾಲದ ವಿಷಯ ಅವಳನ್ನಲ್ಲ, ಅಮ್ಮನನ್ನು ನೇರವಾಗಿ ಕೇಳಿ. ಎಲ್ಲ ಸೋಮಾಲಿ ಮನೆಯಲ್ಲೂ ಒಂದೇ ಉತ್ತರ ಸಿಗುವುದಿಲ್ಲ. ಕೆಲವರು ಇಮಾಮರನ್ನು ಕೇಳಿ, ಬೇರೆ ದಾರಿಯೇ ಇಲ್ಲದಿದ್ದರೆ ತೆಗೆದುಕೊಳ್ಳುತ್ತಾರೆ. ಅವರ ಪರವಾಗಿ ನೀವು ಊಹೆ ಮಾಡಬೇಡಿ.

ಸಾಲ ಇಲ್ಲದ ದಾರಿಗಳೂ ಈಗ ಜಾಸ್ತಿ ಇವೆ. ನಿಮ್ಮವಳು 11ನೇ ಕ್ಲಾಸಾದ್ದರಿಂದ ಪಿಎಸ್‌ಇಒ ಅನ್ನುವ ಯೋಜನೆ ಬಗ್ಗೆ ಶಾಲೆಯಲ್ಲಿ ವಿಚಾರಿಸಿ. ನಿಮ್ಮ ರಾಜ್ಯ ಮಿನ್ನೆಸೋಟದಲ್ಲಿ 1985ರಿಂದ ಇದೆ. ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಪಾಠ, ಫೀಸು ಪುಸ್ತಕ ಎರಡೂ ಉಚಿತ. 2024ರಿಂದ ನಾರ್ತ್ ಸ್ಟಾರ್ ಪ್ರಾಮಿಸ್ ಅನ್ನುವ ರಾಜ್ಯದ ಯೋಜನೆ ಬಂದಿದೆ. ಕುಟುಂಬದ ಆದಾಯ 80,000 ಡಾಲರ್‌ಗಿಂತ ಕಡಿಮೆ ಇದ್ದರೆ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಟ್ಯೂಷನ್ ಫೀಸು ಇಲ್ಲ. ನೆರವಿನ ಅರ್ಜಿ ಫಾಫ್ಸಾಗೆ ಅಪ್ಪ ಅಮ್ಮನ ಆದಾಯದ ವಿವರ ಹೇಗೂ ಬೇಕು. ಅದೇ ನೆಪ ಇಟ್ಟುಕೊಂಡು ಮನೆಗೆ ಹೋಗಿ.

ಶುಕ್ರವಾರ ಮಧ್ಯಾಹ್ನ ಬೇಡ, ನಮಾಜಿನ ಹೊತ್ತು. ಊಟ ಮಾಡದೆ ಬಿಡುವುದಿಲ್ಲ, ಮಾಂಸ ತಿನ್ನದಿದ್ದರೆ ಹುಡುಗಿ ಹತ್ತಿರ ಮೊದಲೇ ಹೇಳಿ ಕಳಿಸಿ. ಅನ್ನದ ಪಕ್ಕ ಒಂದು ಬಾಳೆಹಣ್ಣು ಇಡುತ್ತಾರೆ. ಕೊನೆಗೆ ತಿನ್ನೋಣ ಅಂತ ಎತ್ತಿಡಬೇಡಿ, ಅನ್ನದ ಜೊತೆಗೇ ಕಚ್ಚಿಕೊಂಡು ತಿನ್ನಬೇಕು.