ಗ್ರೂಪಿನಲ್ಲಿ ಮೆಸೇಜು ಸಾವಿರ, ತೀರ್ಮಾನ ಒಂದೂ ಇಲ್ಲ

ಹಲವರು ಸೇರಿ ಒಂದು ಸಮಸ್ಯೆ ಬಿಡಿಸುವಾಗ ಕಂಪ್ಯೂಟರ್ ಹೇಗೆ ನೆರವಾಗಬೇಕು? ಈ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿದ್ದೇನೆ. ಉದ್ದದ ಪತ್ರಗಳನ್ನು ಚುಟುಕು ಮಾಡಿ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಸೆಕ್ರೆಟರಿ. ಬೇಸಿಗೆ ಬಂತೆಂದರೆ ಬೋರ್‌ವೆಲ್ ಕೈಕೊಡುತ್ತದೆ. ಟ್ಯಾಂಕರ್ ತರಿಸಬೇಕೋ, ಹೊಸ ಬೋರ್ ಕೊರೆಸಬೇಕೋ, ಮನೆಮನೆಗೆ ಮೀಟರ್ ಹಾಕಿಸಬೇಕೋ ಅಂತ ಎರಡು ತಿಂಗಳಿಂದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಚರ್ಚೆ ನಡೆದಿದೆ. ತೀರ್ಮಾನ ಮಾತ್ರ ಇಲ್ಲ. ನಮ್ಮದೇ ಒಂದು ಆ್ಯಪ್ ಮಾಡಿಸಿಬಿಡೋಣ ಅನ್ನುತ್ತಾರೆ ಕೆಲವರು. ಮಾಡಿಸೋಣವೇ?

ಬೇಡ. ಆ ದುಡ್ಡಿಗೆ ಮೀಟರೇ ಬಂದೀತು.

ನಿಮ್ಮ ತೊಂದರೆ ಇರುವುದು ಬೇರೆ ಕಡೆ. ವಾಟ್ಸ್‌ಆ್ಯಪ್‌ನಲ್ಲಿ ಹೊಸ ಮೆಸೇಜು ಹಳೆಯದನ್ನು ಮೇಲೆ ತಳ್ಳುತ್ತಾ ಹೋಗುತ್ತದೆ. ‘ಟ್ಯಾಂಕ್ ಖಾಲಿ’ ಎನ್ನುವ ದೂರು, ‘ಮೀಟರ್ ಹಾಕಿಸೋಣ’ ಎನ್ನುವ ಸಲಹೆ, ‘ಅದಕ್ಕೆ ಪೈಪ್‌ಲೈನ್ ಒಡೆಯಬೇಕು’ ಎನ್ನುವ ತಕರಾರು, ಗುಡ್ ಮಾರ್ನಿಂಗ್ ಹೂವು, ಎಲ್ಲವೂ ಒಂದೇ ಸಾಲಿನಲ್ಲಿ. ಮಂಗಳವಾರ ಉತ್ತರ ಸಿಕ್ಕ ಪ್ರಶ್ನೆಯನ್ನು ಶುಕ್ರವಾರ ಇನ್ಯಾರೋ ಮತ್ತೆ ಕೇಳುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಉತ್ತರ ಅವರ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ.

ಈ ತಲೆನೋವು ಸ್ಮಾರ್ಟ್‌ಫೋನಿಗಿಂತ ಹಳೆಯದು. ಊರಿನ ಯೋಜನೆಯಂಥ ಜಗ್ಗಾಟದ ವಿಷಯಗಳಿಗಾಗಿ ಹೋರ್ಸ್ಟ್ ರಿಟೆಲ್ ಮತ್ತು ವರ್ನರ್ ಕುಂಟ್ಸ್ 1970ರಲ್ಲಿ ಐಬಿಸ್ ಎನ್ನುವ ವಿಧಾನವನ್ನು ಮುಂದಿಟ್ಟರು. ಎಷ್ಟೇ ದೊಡ್ಡ ಚರ್ಚೆಯಾದರೂ ಮೂರು ಬಗೆಯ ಮಾತಾಗಿ ಬಿಡಿಸಬಹುದು ಎನ್ನುವುದು ಅದರ ಹೂರಣ: ಪ್ರಶ್ನೆ, ಆ ಪ್ರಶ್ನೆಗೆ ಇರುವ ದಾರಿಗಳು, ಒಂದೊಂದು ದಾರಿಗೂ ಪರ-ವಿರೋಧದ ಕಾರಣಗಳು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿದ್ದ ಎಂಸಿಸಿ ಸಂಶೋಧನಾ ಕೇಂದ್ರದಲ್ಲಿ ಜೆಫ್ ಕಾಂಕ್ಲಿನ್ ಮತ್ತು ಮೈಕೆಲ್ ಬೆಗ್‌ಮನ್ ಇದನ್ನು ಕಂಪ್ಯೂಟರಿಗೆ ತಂದರು. ಚರ್ಚೆ ತೆರೆಯ ಮೇಲೆ ನಕ್ಷೆಯಾಗಿ ಕಾಣುತ್ತಿತ್ತು. ಆದರೆ ಬರೆಯುವವರು ತಮ್ಮ ಒಂದೊಂದು ಮಾತೂ ಯಾವ ಬಗೆಯದು ಎಂದು ತಾವೇ ಗುರುತು ಹಾಕಬೇಕಿತ್ತು. ಯೋಚನೆ ಇನ್ನೂ ಕುದಿಯುತ್ತಿರುವಾಗ ಅದು ಕಾರಣವೋ ದಾರಿಯೋ ಎಂದು ಯಾರಿಗೆ ಗೊತ್ತಿರುತ್ತದೆ? ಕಾಂಕ್ಲಿನ್ ಆಮೇಲೆ ಹಿಡಿದ ದಾರಿಯೇ ನನಗೆ ಹೆಚ್ಚು ಇಷ್ಟ. ಎಲ್ಲರೂ ಎಂದಿನಂತೆ ಮಾತಾಡಲಿ. ನಕ್ಷೆ ಬರೆಯುವ ಕೆಲಸ ಒಬ್ಬರದು, ಅದೂ ಎಲ್ಲರ ಕಣ್ಣೆದುರಿಗೆ.

ಹಾಗಾಗಿ ಒಂದು ಗೂಗಲ್ ಶೀಟ್ ತೆರೆಯಿರಿ. ಯಾವ ದಾರಿ, ಎಷ್ಟು ಖರ್ಚು, ಏನು ತಕರಾರು, ಅದನ್ನು ಯಾರು ವಿಚಾರಿಸುತ್ತಿದ್ದಾರೆ, ಯಾವಾಗಿನೊಳಗೆ. ಇಷ್ಟು ಸಾಕು. ತುಂಬುವವರು ಒಬ್ಬರೇ ಇರಲಿ, ಆದರೆ ತಿಂಗಳಿಗೊಮ್ಮೆ ಬದಲಾಗಲಿ. ಲಿಂಕನ್ನು ಗ್ರೂಪಿನಲ್ಲಿ ಪಿನ್ ಮಾಡಿ. ಯಾರಾದರೂ ಹಳೆಯ ಪ್ರಶ್ನೆ ಎತ್ತಿದರೆ ವಾದ ಬೇಡ, ಶೀಟಿನ ಸಾಲು ತೋರಿಸಿ. ತೀರ್ಮಾನದ ಪಕ್ಕದಲ್ಲಿ ‘ಯಾಕೆ’ ಎಂದೂ ಬರೆದಿಡಿ. ಮುಂದಿನ ವರ್ಷ ಕಮಿಟಿ ಬದಲಾದಾಗ ಅದೇ ಕಾಪಾಡುತ್ತದೆ.

ಇನ್ನೊಂದು ಮಾತು. ಮೀಟಿಂಗಿಗೆ ಮೊದಲೇ ಪ್ರತಿ ಮನೆಯಿಂದ ಬೇರೆಬೇರೆಯಾಗಿ ಮಾಹಿತಿ ತರಿಸಿಕೊಳ್ಳಿ. ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ: ಗುಂಪು ಸೇರಿದಾಗ ಎಲ್ಲರಿಗೂ ಗೊತ್ತಿರುವ ಸಂಗತಿಯೇ ಮತ್ತೆ ಮತ್ತೆ ಚರ್ಚೆಯಾಗುತ್ತದೆ, ಒಬ್ಬರಿಗೆ ಮಾತ್ರ ಗೊತ್ತಿರುವುದು ಹೊರಗೆ ಬರುವುದೇ ಕಷ್ಟ. ಹಳೆಯ ಬೋರಿನಲ್ಲಿ ಎಷ್ಟು ಇಂಚು ನೀರು ಬರುತ್ತಿತ್ತು ಎಂದು ಬಲ್ಲ ಹಿರಿಯರು ನಿಮ್ಮಲ್ಲೂ ಇರಬಹುದು. ಗ್ರೂಪಿನ ಗದ್ದಲದಲ್ಲಿ ಅವರು ಸುಮ್ನೆ ಕೂತಿರುತ್ತಾರೆ.

ಪ್ರಶ್ನೆ: ನಾವು ಧಾರವಾಡದ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಫೈನಲ್ ಇಯರ್ ಪ್ರಾಜೆಕ್ಟಿಗೆ ಒಂದು ಗ್ರಾಮ ಪಂಚಾಯಿತಿಗೆ ನೀರಿನ ಆ್ಯಪ್ ಮಾಡಿದ್ದೇವೆ. ನೀರಗಂಟಿ ವಾಲ್ವ್ ತಿರುಗಿಸಿದ ಕೂಡಲೇ ಓಣಿ, ಸಮಯ ತುಂಬಬೇಕು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಕಂಪ್ಯೂಟರಿನಲ್ಲಿ ಗ್ರಾಫ್ ಬರುತ್ತದೆ. ಮೊದಲ ವಾರ ತುಂಬಿದರು, ಆಮೇಲೆ ಬಿಟ್ಟೇಬಿಟ್ಟರು. ಅವರಿಗೆ ಟ್ರೇನಿಂಗ್ ಕೊಡಿಸಬೇಕೇ ಮೇಡಂ?

ಮೊದಲ ವಾರ ತುಂಬಿದ್ದಾರೆ ಎಂದರೆ ತುಂಬಲು ಬರುತ್ತದೆ ಅಂತ ಅಲ್ವಾ? ಟ್ರೇನಿಂಗ್ ಏನು ಮಾಡೀತು?

ಗುಂಪಿಗಾಗಿ ಮಾಡಿದ ಸಾಫ್ಟ್‌ವೇರ್ ಯಾಕೆ ಸೋಲುತ್ತದೆ ಎಂದು ಜೊನಾಥನ್ ಗ್ರೂಡಿನ್ 1988ರಲ್ಲಿ ಒಂದು ಪ್ರಬಂಧ ಬರೆದರು. ಅವರು ಕೊಟ್ಟ ಮೊದಲ ಕಾರಣ ಇದು: ಹೆಚ್ಚಿನ ಕೆಲಸ ಒಬ್ಬರ ತಲೆಗೆ, ಲಾಭ ಇನ್ನೊಬ್ಬರ ಜೇಬಿಗೆ. ಆಫೀಸಿನ ಜಂಟಿ ಕ್ಯಾಲೆಂಡರ್ ಅವರ ಉದಾಹರಣೆ. ಮೀಟಿಂಗ್ ಕರೆಯುವ ಮ್ಯಾನೇಜರಿಗೆ ಅದರಿಂದ ಅನುಕೂಲ. ಆದರೆ ತಮ್ಮ ದಿನಚರಿಯನ್ನೆಲ್ಲ ತುಂಬಬೇಕಾದವರು ಕೈಕೆಳಗಿನವರು, ಅವರಿಗೆ ಅದರಿಂದ ಏನೂ ಬರುವುದಿಲ್ಲ. ನಿಮ್ಮ ಆ್ಯಪ್‌ನಲ್ಲಿ ಗ್ರಾಫ್ ಪಿಡಿಒಗೆ, ಮಾರ್ಕ್ಸ್ ನಿಮಗೆ. ನೀರಗಂಟಿಗೆ ಏನು? ತಡವಾದರೆ ಸಿಕ್ಕಿಬೀಳುವ ದಾಖಲೆ, ಅಷ್ಟೇ.

ನಿಮ್ಮದೇ ಊರಿನ ಒಂದು ಕತೆ ನಿಮಗೆ ಗೊತ್ತಿರಬೇಕು. ನೆಕ್ಸ್ಟ್‌ಡ್ರಾಪ್ ಎನ್ನುವ ಸಂಸ್ಥೆ ಹುಬ್ಬಳ್ಳಿ-ಧಾರವಾಡದಲ್ಲಿ ಹೆಚ್ಚುಕಡಿಮೆ ಇದೇ ಕೆಲಸ ಮಾಡಿತ್ತು. ವಾಲ್ವ್‌ಮ್ಯಾನ್ ನೀರು ಬಿಟ್ಟಾಗ ಫೋನ್ ಮಾಡಿ ತಿಳಿಸುವುದು, ಆ ಭಾಗದ ಮನೆಗಳಿಗೆ ಎಸ್‌ಎಂಎಸ್ ಹೋಗುವುದು. ನೀರಿಗಾಗಿ ರಾತ್ರಿಯೆಲ್ಲ ಕಾಯುವವರಿಗೆ ಇದು ಚಿಕ್ಕ ಮಾತಲ್ಲ. ಆಮೇಲೆ ಅದು ಬೆಂಗಳೂರಿಗೂ ಬಂತು. ಅಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಸಂಶೋಧಕರು ಅದು ಹೇಗೆ ನಡೆಯುತ್ತಿದೆ ಎಂದು ಪರಿಶೀಲಿಸಿದರು. ಕೊಂಡಿ ಸಡಿಲವಾಗಿದ್ದುದು ವಾಲ್ವ್‌ಮ್ಯಾನ್ ಹತ್ತಿರ. ಕೆಲವರು ತಪ್ಪದೆ ತಿಳಿಸುತ್ತಿದ್ದರು, ಕೆಲವರು ಇಲ್ಲ. ಮನೆಯ ಜವಾಬ್ದಾರಿ, ದುಡ್ಡಿನ ಒತ್ತಡ ಜಾಸ್ತಿ ಇದ್ದವರು ತಿಳಿಸುವುದು ಕಡಿಮೆ ಎಂದು ಅವರ ಅಧ್ಯಯನ ಹೇಳಿತು. ಸಂಬಳ ಸಾಲದೆ ಓಡಾಡುವ ಮನುಷ್ಯನಿಗೆ ಇನ್ನೊಂದು ಫೋನ್ ಕಾಲ್ ಎಂದರೆ ಇನ್ನೊಂದು ಹೊರೆ. ಇದನ್ನು ಸೋಮಾರಿತನ ಎಂದು ಬರೆದುಬಿಟ್ಟರೆ ಮುಂದೆ ಕಲಿಯಲು ಏನೂ ಉಳಿಯುವುದಿಲ್ಲ.

ಹಳ್ಳಿಯ ಹಾಲಿನ ಡೇರಿಗೆ ಒಂದು ಬೆಳಿಗ್ಗೆ ಹೋಗಿ ನೋಡಿ. ಯಂತ್ರ ಇರುವ ಡೇರಿಯಲ್ಲಿ ಹಾಲು ಸುರಿದ ಕೂಡಲೇ ತೂಕ, ಫ್ಯಾಟ್, ದರ ಎಲ್ಲ ಮೂಡಿದ ಚೀಟಿ ಕೈಗೆ ಬರುತ್ತದೆ. ಚೀಟಿ ಬರದಿದ್ದರೆ ರೈತರೇ ಬಿಡುವುದಿಲ್ಲ. ದಾಖಲೆ ತಪ್ಪದಂತೆ ಕಾಯುವವರು ಅಲ್ಲಿ ಮೇಲಿನ ಅಧಿಕಾರಿಗಳಲ್ಲ, ಹಾಲು ತಂದವರೇ.

ನಿಮ್ಮ ನೀರಗಂಟಿಗೆ ಹಾಗೆ ಏನು ಕೊಡಬಹುದು? ದಿನಕ್ಕೆ ಎಷ್ಟು ಜನ ಅವರಿಗೆ ಫೋನ್ ಮಾಡಿ ‘ನೀರು ಯಾವಾಗ ಬಿಡ್ತೀರಿ’ ಎಂದು ಕೇಳುತ್ತಾರೆ, ಕೇಳಿ ನೋಡಿ. ಒಂದು ಗುಂಡಿ ಒತ್ತಿದರೆ ಆ ಓಣಿಯವರಿಗೆಲ್ಲ ಮೆಸೇಜು ಹೋಗುವಂತೆ ಮಾಡಿ. ಅವರ ಫೋನ್ ತಣ್ಣಗಾದ ದಿನ ಅವರಾಗಿಯೇ ಒತ್ತುತ್ತಾರೆ. ‘ಮೋಟರ್ ಸುಟ್ಟಿದೆ’, ‘ಕರೆಂಟ್ ಇಲ್ಲ’ ಎನ್ನುವುದಕ್ಕೂ ಒಂದೊಂದು ಗುಂಡಿ ಇರಲಿ. ಆಗ ನೀರು ಬಾರದ ದಿನ ಬೈಗುಳ ಅವರ ತಲೆಗೆ ಬರುವುದಿಲ್ಲ. ಗ್ರಾಫ್ ಅದರಿಂದಲೇ ಹುಟ್ಟಿಕೊಳ್ಳುತ್ತದೆ. ಸಮಯವನ್ನು ಫೋನೇ ಬರೆದುಕೊಳ್ಳಲಿ, ಅವರಿಂದ ಟೈಪ್ ಮಾಡಿಸಬೇಡಿ. ಕೈ ಒದ್ದೆ ಇರುತ್ತದೆ.

ಕೋಡ್ ಮುಟ್ಟುವ ಮೊದಲು ಅವರ ಜೊತೆ ಒಂದೆರಡು ಸುತ್ತು ನಡೆದು ಬನ್ನಿ. ಲಂಡನ್ ಮೆಟ್ರೊದ ಒಂದು ಮಾರ್ಗದ ಕಂಟ್ರೋಲ್ ರೂಮಿನಲ್ಲಿ ಸಂಶೋಧಕರಾದ ಕ್ರಿಶ್ಚಿಯನ್ ಹೀತ್ ಮತ್ತು ಪಾಲ್ ಲಫ್ ಹೀಗೇ ಕೂತು ನೋಡಿದ್ದರು. ರೈಲು ಓಡಿಸುವ ವ್ಯವಸ್ಥೆ ನೋಡುವವರು ಡ್ರೈವರ್ ಜೊತೆ ಫೋನಿನಲ್ಲಿ ಮಾತಾಡುತ್ತಿರುತ್ತಾರೆ. ಪಕ್ಕದಲ್ಲಿ ಕೂತವರು ಅದನ್ನು ಕಿವಿಯಂಚಿನಲ್ಲಿ ಕೇಳಿಸಿಕೊಂಡು, ಯಾರೂ ಹೇಳದಿದ್ದರೂ ಪ್ರಯಾಣಿಕರಿಗೆ ಸೂಚನೆ ಕೊಡಲು ಶುರು ಮಾಡುತ್ತಾರೆ. ಇಂಥ ಸಹಕಾರ ಯಾವ ಕೆಲಸದ ಪಟ್ಟಿಯಲ್ಲೂ ಬರೆದಿರುವುದಿಲ್ಲ. ಕೇಳಿದರೆ ಅವರಿಗೇ ಹೇಳಲು ಬರುವುದಿಲ್ಲ. ನೋಡಿಯೇ ತಿಳಿಯಬೇಕು.

ಪ್ರಶ್ನೆ: ಸಿಂಗಪುರದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ನಾಲ್ಕು ಜನ ಒಂದೇ ಗೂಗಲ್ ಡಾಕ್ಸ್‌ನಲ್ಲಿ ಪಾಠ ಬರೆಯುತ್ತೇವೆ. ಒಬ್ಬರದು ಇನ್ನೊಬ್ಬರದಕ್ಕೆ ಡಿಕ್ಕಿ ಹೊಡೆಯದೆ ಇರುವುದು ಹೇಗೆ?

ನಿಮ್ಮ ಫೋನಿನಿಂದ ಹೋಗುವುದು ಇಡೀ ಪುಟ ಅಲ್ಲ, ‘ಹತ್ತನೆಯ ಜಾಗದಲ್ಲಿ ಇದನ್ನು ಸೇರಿಸು’ ಎನ್ನುವಂಥ ಸಣ್ಣ ಸೂಚನೆ. ಅಷ್ಟರಲ್ಲಿ ಇನ್ನೊಬ್ಬರು ಐದನೆಯ ಜಾಗದಲ್ಲಿ ಎರಡು ಅಕ್ಷರ ಸೇರಿಸಿದ್ದರೆ ನಿಮ್ಮ ಹತ್ತನ್ನು ಹನ್ನೆರಡು ಎಂದು ತಿದ್ದಿಕೊಳ್ಳಬೇಕು. ಎಲಿಸ್ ಮತ್ತು ಗಿಬ್ಸ್ ಎನ್ನುವವರು 1989ರಲ್ಲೇ ಈ ಲೆಕ್ಕ ಬರೆದರು. ಆದರೆ ಈ ಲೆಕ್ಕಕ್ಕೆ ಅರ್ಥ ಗೊತ್ತಾಗುವುದಿಲ್ಲ. ಇಬ್ಬರು ಒಂದೇ ವಾಕ್ಯವನ್ನು ಒಟ್ಟಿಗೆ ತಿದ್ದಿದರೆ ಅಕ್ಷರ ಕಳೆದುಹೋಗುವುದಿಲ್ಲ, ವಾಕ್ಯ ಕೆಡುತ್ತದೆ. ಪಾಠಕ್ಕೊಬ್ಬರಂತೆ ಹಂಚಿಕೊಳ್ಳಿ, ಬೇರೆಯವರದರಲ್ಲಿ ಕಾಮೆಂಟ್ ಮಾತ್ರ ಹಾಕಿ.

ಪ್ರಶ್ನೆ: ಪರಸ್ಪರ ಪರಿಚಯವೇ ಇಲ್ಲದ ಜನ ಇಂಟರ್ನೆಟ್ಟಿನಲ್ಲಿ ಸೇರಿ ದೊಡ್ಡ ಸಮಸ್ಯೆ ಬಿಡಿಸಿದ್ದಾರೆ ಎಂದು ಓದಿದ್ದೇನೆ. ನಿಜವೇ? (ವಿಜ್ಞಾನ ಶಿಕ್ಷಕರು, ಶಿವಮೊಗ್ಗ)

ನಿಜ ಸರ್, ಆದರೆ ಎಲ್ಲ ಸಮಸ್ಯೆಗಳೂ ಅದಕ್ಕೆ ಬಗ್ಗುವುದಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಫೋಲ್ಡಿಟ್ ಎನ್ನುವ ಆಟ ಬಿಟ್ಟರು. ಪ್ರೊಟೀನಿನ ಎಳೆಯನ್ನು ಮಡಚಿ ಸರಿಯಾದ ಆಕಾರ ಹುಡುಕುವುದೇ ಆಟ. ಮಂಗಗಳಿಗೆ ತಗಲುವ ಒಂದು ವೈರಸ್ಸಿನ ಪ್ರೊಟೀನ್ ರಚನೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನಿಗಳಿಗೆ ಬಗೆಹರಿದಿರಲಿಲ್ಲ. ಆಟಗಾರರು ಮೂರು ವಾರದಲ್ಲಿ ಒಳ್ಳೆಯ ಮಾದರಿ ಕೊಟ್ಟರು. 2011ರಲ್ಲಿ ಅದು ಪ್ರಕಟವಾಯಿತು.

ಗಣಿತದಲ್ಲೂ ಆಗಿದೆ. 2009ರಲ್ಲಿ ಗಣಿತಜ್ಞ ಟಿಮ್ ಗವರ್ಸ್ ಒಂದು ಕಠಿಣ ಪ್ರಮೇಯಕ್ಕೆ ಹೊಸ ರುಜುವಾತು ಹುಡುಕೋಣ ಬನ್ನಿ ಎಂದು ತಮ್ಮ ಬ್ಲಾಗಿನಲ್ಲಿ ಎಲ್ಲರನ್ನೂ ಕರೆದರು. 37 ದಿನಗಳಲ್ಲಿ 27 ಜನ ಸುಮಾರು 800 ಟಿಪ್ಪಣಿ ಬರೆದರು, ಮುಖ್ಯ ಸಮಸ್ಯೆ ಬಗೆಹರಿಯಿತು. ಅರ್ಧಂಬರ್ಧ ಯೋಚನೆಯನ್ನೂ ಚಿಕ್ಕದಾಗಿ ಹಾಕಿ ಎನ್ನುವುದು ಅಲ್ಲಿನ ನಿಯಮ. ಟಿಪ್ಪಣಿಗೊಂದು ನಂಬರು ಇತ್ತು. ಇಷ್ಟಿದ್ದರೂ ತಡವಾಗಿ ಬಂದವರಿಗೆ ಎಲ್ಲಿಂದ ಓದಬೇಕು ಎಂದೇ ತಿಳಿಯುತ್ತಿರಲಿಲ್ಲ. ಗಣಿತಜ್ಞರಿಗೂ ನಮ್ಮ ಅಪಾರ್ಟ್‌ಮೆಂಟಿನವರ ಪಾಡೇ!

ಈ ಎರಡರಲ್ಲೂ ಒಂದು ಸಮಾನ ಸಂಗತಿ ಇದೆ. ಉತ್ತರ ಹುಡುಕುವುದು ಕಷ್ಟ, ಸಿಕ್ಕಿದ್ದು ಒಳ್ಳೆಯದೇ ಎಂದು ನೋಡುವುದು ಅಷ್ಟು ಕಷ್ಟವಲ್ಲ. ಫೋಲ್ಡಿಟ್ ಆಡುವವರಿಗೆ ಎಳೆ ಎಳೆದ ಕ್ಷಣದಲ್ಲೇ ಅಂಕ ಕಾಣುತ್ತದೆ. ನೀರಿನ ಜಗಳಕ್ಕೆ ಅಂಥ ಅಂಕ ಇಲ್ಲ. ಅಲ್ಲಿ ಯಾರಿಗೆ ಎಷ್ಟು ನಷ್ಟ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮದು ಮಡಿಕೇರಿಯ ಹತ್ತಿರ. 2018ರ ಆಗಸ್ಟಿನ ಮಳೆ, ಭೂಕುಸಿತ ಮರೆತಿಲ್ಲ. ಮಳೆಗಾಲಕ್ಕೆ ಯುವಕರೆಲ್ಲ ಸೇರಿ ಸಹಾಯದ ಕೋರಿಕೆ ಬರೆದುಕೊಳ್ಳುವ ಒಂದು ವ್ಯವಸ್ಥೆ ಮಾಡಬೇಕೆಂದಿದ್ದೇವೆ. ಯಾವುದನ್ನು ಗಮನಿಸಬೇಕು?

ಅದೇ ಆಗಸ್ಟಿನಲ್ಲಿ ಪಕ್ಕದ ಕೇರಳದಲ್ಲಿ ಪ್ರವಾಹ ಬಂದಾಗ ಸ್ವಯಂಸೇವಕರು ಮತ್ತು ಸರ್ಕಾರದ ಐಟಿ ಮಿಷನ್ ಸೇರಿ ಕೇರಳ ರೆಸ್ಕ್ಯೂ ಎನ್ನುವ ಜಾಲತಾಣ ನಡೆಸಿದರು. ಕೋರಿಕೆಗಳ ರಾಶಿಯೇ ಬಂತು. ಒಂದೇ ಮನೆಗಾಗಿ ಊರಿನಲ್ಲಿರುವವರು, ಗಲ್ಫ್‌ನಲ್ಲಿರುವ ಮಗ, ನೆಂಟರು ಎಲ್ಲರೂ ಕೋರಿಕೆ ಹಾಕಿದರೆ ಒಂದು ನಾಲ್ಕಾಗುತ್ತದೆ. ಜನ ದಡ ಸೇರಿದ ಮೇಲೂ ಅವರ ಹೆಸರಿನ ಮೆಸೇಜು ಊರೂರು ಸುತ್ತುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಒಂದು ದೋಣಿ ಸುಮ್ನೆ ಹೋಗಿ ಬರುವುದೆಂದರೆ ಇನ್ನೊಂದು ಮನೆಯವರು ಕಾಯುತ್ತಿದ್ದಾರೆ ಎಂದರ್ಥ.

ಹಾಗಾಗಿ ಕೋರಿಕೆಯನ್ನು ಫೋನ್ ನಂಬರಿನಿಂದ ಗುರುತಿಸಿ, ಒಂದೇ ನಂಬರಿನದು ಮತ್ತೆ ಬಂದರೆ ಹಳೆಯದಕ್ಕೇ ಸೇರಿಸಿ. ನಂಬರು ಸಿಕ್ಕಿಬಿದ್ದವರದ್ದಾಗಿರಲಿ, ತಿಳಿಸಿದವರದ್ದಲ್ಲ. ಜಾಗ ಹೇಳುವಾಗ ಮ್ಯಾಪಿನ ಗುರುತಿನ ಜೊತೆ ‘ಸೇತುವೆ ದಾಟಿ ಎರಡನೇ ಕಾಫಿ ತೋಟ’ ಎನ್ನುವಂಥ ಮಾತೂ ಇರಲಿ, ಹುಡುಕಿಕೊಂಡು ಹೋಗುವವರಿಗೆ ಅದೇ ಬೇಕು. ಪ್ರತಿ ಕೋರಿಕೆಯ ಮುಂದೆ ಹೊಸದು, ಫೋನ್ ಮಾಡಿ ಖಚಿತವಾಗಿದ್ದು, ತಂಡ ಹೊರಟಿದ್ದು, ಮುಗಿದಿದ್ದು ಎನ್ನುವ ಸ್ಥಿತಿ ಕಾಣಬೇಕು. ಕೊನೆಯ ಸಲ ಯಾವ ಹೊತ್ತಿಗೆ ವಿಚಾರಿಸಿದ್ದು ಎನ್ನುವುದೂ ಕಾಣಬೇಕು.

2010ರ ಹೈಟಿ ಭೂಕಂಪದ ಹೊತ್ತಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಎನ್ನುವ, ಯಾರು ಬೇಕಾದರೂ ತಿದ್ದಬಹುದಾದ ಇಂಟರ್ನೆಟ್ ನಕ್ಷೆಯ ಸ್ವಯಂಸೇವಕರು ಉಪಗ್ರಹದ ಚಿತ್ರ ನೋಡಿಕೊಂಡು ಊರುಗಳ ನಕ್ಷೆ ಬಿಡಿಸಿದರು. ಆಮೇಲೆ ಅವರು ಮಾಡಿಕೊಂಡ ಒಂದು ಸಾಧನದಿಂದ ನೀವು ಕಲಿಯಬಹುದು. ನಕ್ಷೆಯನ್ನು ಚೌಕಗಳಾಗಿ ಕತ್ತರಿಸುತ್ತಾರೆ. ಒಬ್ಬರು ಒಂದು ಚೌಕ ತೆಗೆದುಕೊಂಡರೆ ಅದಕ್ಕೆ ಬೀಗ, ಬೇರೆಯವರು ಕೈಹಾಕುವಂತಿಲ್ಲ. ಅವರು ಮುಗಿಸದೆ ಎದ್ದುಹೋದರೆ ಸ್ವಲ್ಪ ಹೊತ್ತಿಗೆ ಬೀಗ ತಾನೇ ತೆರೆದುಕೊಳ್ಳುತ್ತದೆ. ಮುಗಿಸಿದರೆ ಇನ್ನೊಬ್ಬರು ತಾಳೆ ನೋಡುತ್ತಾರೆ. ನಿಮ್ಮ ಕೋರಿಕೆಗಳಿಗೂ ಹೀಗೆ ಮಾಡಿ. ಒಬ್ಬ ಹುಡುಗ ‘ನಾನು ನೋಡ್ತೀನಿ’ ಎಂದು ಹೇಳಿ ಅವನ ಫೋನ್ ಸ್ವಿಚ್ ಆಫ್ ಆದರೆ ಆ ಕೋರಿಕೆ ಅಲ್ಲೇ ಉಳಿದುಬಿಡಬಾರದು. ತೆರೆದುಕೊಳ್ಳುವ ಅವಧಿ ಕಡಿಮೆ ಇಡಿ, ಕರೆಂಟ್ ಹೋಗುವ ಊರು ನಿಮ್ಮದು.

ಕೆಸರಿನಲ್ಲಿ ಹಗ್ಗ ಹಿಡಿದವರು ಆ್ಯಪ್ ತೆರೆಯುವುದಿಲ್ಲ. ‘ಮುಗಿಯಿತು’ ಎಂದು ಗುರುತು ಹಾಕುವ ಕೆಲಸ ಅವರಿಗೆ ಬೇಡ, ಬೆಚ್ಚಗೆ ಕೂತವರೊಬ್ಬರು ಫೋನ್ ಮಾಡಿ ಕೇಳಿ ಬರೆದುಕೊಳ್ಳಲಿ. ನೆಟ್‌ವರ್ಕ್ ಬಿದ್ದರೆ ಇರಲಿ ಎಂದು ಅದೇ ಕಾಲಂಗಳ ಒಂದು ನೋಟ್‌ಬುಕ್ಕನ್ನೂ ಗೆರೆ ಹಾಕಿ ಇಟ್ಟುಕೊಳ್ಳಿ. ಜಿಲ್ಲಾಡಳಿತದ ಕಂಟ್ರೋಲ್ ರೂಮಿಗೆ ಈಗಲೇ ಹೋಗಿ ಮಾತಾಡಿ, ಎರಡು ಪಟ್ಟಿ ಬೇರೆಬೇರೆ ನಡೆದರೆ ಗೊಂದಲ ನೀವೇ ಹೆಚ್ಚಿಸಿದಂತೆ. ಮೇ ತಿಂಗಳ ಒಂದು ಭಾನುವಾರ ಸುಳ್ಳು ಕೋರಿಕೆಗಳನ್ನು ಹಾಕಿ ಪೂರ್ತಿ ಆಡಿಸಿ ನೋಡಿ. ಬೇಕೆಂದೇ ಅರ್ಧದಷ್ಟನ್ನು ಎರಡೆರಡು ಸಲ ಹಾಕಿ.