ಹೋಗಿರಬೇಕು, ಹೋಗಬೇಕಿತ್ತು, ಹೋಗಬೇಕಾಯಿತು: ಇಂಗ್ಲಿಷ್ ಮೋಡಲ್ ಕ್ರಿಯಾಪದಗಳ (ಬೇಕು, ಬಹುದು ಮುಂತಾದ ಅರ್ಥ ಕೊಡುವ ಸಹಾಯಕ ಕ್ರಿಯಾಪದಗಳ) ಪ್ರಶ್ನೋತ್ತರ

ಪ್ರಶ್ನೆ: ಒರಿಜಿನಲ್ ಕಾಗದಪತ್ರ ಕಳಿಸುವ ಅಗತ್ಯವಿಲ್ಲ ಎಂದು ತಿಳಿಸಲು ಗಿರಾಕಿಯೊಬ್ಬರಿಗೆ ‘ಯು ಮಸ್ಟ್ ನಾಟ್ ಸೆಂಡ್ ದಿ ಒರಿಜಿನಲ್ಸ್’ ಎಂದು ಬರೆದೆ. ಅವರು ಗಾಬರಿಯಿಂದ ಫೋನ್ ಮಾಡಿದರು. ತಪ್ಪೆಲ್ಲಿದೆ? – ಅಂಧೇರಿಯ ಓದುಗರು

ಉತ್ತರ: ನೀವು ಬರೆದದ್ದರ ಅರ್ಥ ‘ಕಳಿಸಕೂಡದು’. ‘ಕಳಿಸಬೇಕು’ ಎಂಬುದಕ್ಕೆ ಕನ್ನಡದಲ್ಲಿ ಎರಡು ನಿಷೇಧಗಳಿವೆ: ಕಳಿಸಬಾರದು, ಕಳಿಸಬೇಕಿಲ್ಲ. ಇಂಗ್ಲಿಷಿನಲ್ಲೂ ಹಾಗೆಯೇ. ‘ಮಸ್ಟ್’ ಮತ್ತು ‘ಹ್ಯಾವ್ ಟು’ ಎರಡಕ್ಕೂ ‘ಬೇಕು’ ಎಂದೇ ಅರ್ಥ. ಆದರೆ ‘ನಾಟ್’ ಸೇರಿದೊಡನೆ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. ‘ಮಸ್ಟ್ ನಾಟ್’ ಎಂದರೆ ಬಾರದು, ‘ಡೋಂಟ್ ಹ್ಯಾವ್ ಟು’ ಎಂದರೆ ಬೇಕಿಲ್ಲ. ನೀವು ಬರೆಯಬೇಕಿದ್ದುದು ‘ಯು ಡೋಂಟ್ ಹ್ಯಾವ್ ಟು ಸೆಂಡ್’ ಅಥವಾ ‘ಯು ನೀಡ್ ನಾಟ್ ಸೆಂಡ್’ ಎಂದು. ‘ನೀಡ್ ನಾಟ್’ ಆದಮೇಲೆ ‘ಟು’ ಬರುವುದಿಲ್ಲ. ‘ಡೋಂಟ್ ನೀಡ್’ ಆದರೆ ‘ಟು’ ಬೇಕೇ ಬೇಕು. ಇವೆರಡನ್ನೂ ಕಲಸಿದ ‘ಡೋಂಟ್ ನೀಡ್ ಸೆಂಡ್’ ತಪ್ಪು.

ಇನ್ನೊಂದು ಮಾತು. ಗಿರಾಕಿಗೆ ಬರೆಯುವಾಗ ಬರೀ ‘ಯು ಮಸ್ಟ್’ ಕೂಡ ಅಪ್ಪಣೆಯಂತೆ ಕೇಳಿಸುತ್ತದೆ, ಏಕೆಂದರೆ ಅಲ್ಲಿ ಒತ್ತಾಯ ಬರೆದವರಿಂದಲೇ ಬಂದಂತಿರುತ್ತದೆ. ‘ಯು ವಿಲ್ ಹ್ಯಾವ್ ಟು’ ಎಂದರೆ ಒತ್ತಾಯ ನಿಯಮದ್ದು, ನಿಮ್ಮದಲ್ಲ. ‘ಪ್ಲೀಸ್ ಸೆಂಡ್’ ಎಂದರೆ ಇನ್ನೂ ಮೃದು.

ಪ್ರಶ್ನೆ: ‘ಮಸ್ಟ್ ಹ್ಯಾವ್’, ‘ಶುಡ್ ಹ್ಯಾವ್’, ‘ಕುಡ್ ಹ್ಯಾವ್’ ಎಲ್ಲವೂ ಕಲಸಿಹೋಗುತ್ತವೆ. ನೆನಪಿಡುವುದು ಹೇಗೆ? – ಡೊಂಬಿವಲಿಯ ಓದುಗರು

ಉತ್ತರ: ಕನ್ನಡ ಬಲ್ಲವರಿಗೆ ಇದು ಸುಲಭವಾಗಬೇಕು, ಏಕೆಂದರೆ ಈ ವ್ಯತ್ಯಾಸಗಳನ್ನೆಲ್ಲ ನಾವು ದಿನವೂ ಮಾಡುತ್ತೇವೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಗೆಳೆಯನಿಗಾಗಿ ಕಾಯುತ್ತಿದ್ದೀರಿ ಎನ್ನಿ. ‘ಅವನು ಹಿಂದಿನ ಲೋಕಲ್‌ನಲ್ಲೇ ಹೋಗಿರಬೇಕು’: ಕಂಡದ್ದರ ಮೇಲೆ ಕಟ್ಟಿದ ಗಟ್ಟಿ ಊಹೆ, ‘ಹಿ ಮಸ್ಟ್ ಹ್ಯಾವ್ ಗಾನ್’. ‘ಹೋಗಿರಬಹುದು’: ಊಹೆ, ಆದರೆ ಖಾತ್ರಿಯಿಲ್ಲ, ‘ಹಿ ಮೇ ಹ್ಯಾವ್ ಗಾನ್’ ಅಥವಾ ‘ಮೈಟ್ ಹ್ಯಾವ್ ಗಾನ್’. ‘ಹೋಗಿರಲಿಕ್ಕಿಲ್ಲ’: ‘ಹಿ ಮೈಟ್ ನಾಟ್ ಹ್ಯಾವ್ ಗಾನ್’. ‘ಹೋಗಿರಲು ಸಾಧ್ಯವೇ ಇಲ್ಲ’: ‘ಹಿ ಕಾಂಟ್ ಹ್ಯಾವ್ ಗಾನ್’.

ಇಲ್ಲಿಯವರೆಗೆ ಎಲ್ಲ ರೂಪಗಳಲ್ಲೂ ‘ಇರ’ ಇದೆ. ಅದಿದ್ದರೆ ಮಾತು ಊಹೆಯದ್ದು. ‘ಇರ’ ಹೋಗಿ ಕೊನೆಗೆ ‘ಇತ್ತು’ ಬಂದರೆ ನಡೆಯದೇ ಹೋದದ್ದರ ಮಾತು. ‘ಹೋಗಬೇಕಿತ್ತು’ ಎಂದರೆ ಹೋಗುವುದೇ ಸರಿಯಾಗಿತ್ತು, ಹೋಗಲಿಲ್ಲ: ‘ಹಿ ಶುಡ್ ಹ್ಯಾವ್ ಗಾನ್’. ‘ಹೋಗಬಹುದಿತ್ತು’ ಎಂದರೆ ಅವಕಾಶವಿತ್ತು, ಬಳಸಲಿಲ್ಲ: ‘ಹಿ ಕುಡ್ ಹ್ಯಾವ್ ಗಾನ್’. ‘ಹೋಗಬೇಕಾಯಿತು’ ಈ ಗುಂಪಿಗೆ ಸೇರದು. ಒತ್ತಾಯವಿತ್ತು, ಹೋದದ್ದೂ ಆಯಿತು: ‘ಹಿ ಹ್ಯಾಡ್ ಟು ಗೋ’. ಒತ್ತಾಯದ ಅರ್ಥದಲ್ಲಿ ‘ಮಸ್ಟ್’ಗೆ ತನ್ನದೇ ಭೂತಕಾಲ ರೂಪ ಇಲ್ಲದ್ದರಿಂದ ‘ಹ್ಯಾಡ್ ಟು’ ಆ ಕೆಲಸ ಮಾಡುತ್ತದೆ. ‘ನಿನ್ನೆ ಬೇಗ ಹೊರಡಬೇಕಾಯಿತು’ ಎನ್ನಲು ‘ಐ ಮಸ್ಟ್ ಹ್ಯಾವ್ ಲೆಫ್ಟ್’ ಎಂದರೆ, ನಾನು ಹೊರಟೆನೋ ಇಲ್ಲವೋ ನನಗೇ ನೆನಪಿಲ್ಲ, ಬಹುಶಃ ಹೊರಟಿರಬೇಕು ಎಂದಾಗುತ್ತದೆ!

‘ಹ್ಯಾವ್’ ಆದಮೇಲೆ ಕ್ರಿಯಾಪದದ ಮೂರನೆಯ ರೂಪವೇ ಬರಬೇಕು: ‘ಗಾನ್’, ‘ಸೀನ್’, ‘ಟೇಕನ್’. ‘ಶುಡ್ ಹ್ಯಾವ್ ವೆಂಟ್’ ತಪ್ಪು. ಕರ್ತೃ ‘ಹಿ’ ಆದರೂ ‘ಹ್ಯಾಸ್’ ಆಗದು. ವೇಗದ ಮಾತಿನಲ್ಲಿ ‘ಶುಡ್ ಹ್ಯಾವ್’ ಎಂಬುದು ‘ಶುಡ್ ಆಫ್’ ಎಂಬಂತೆ ಕಿವಿಗೆ ಬೀಳುತ್ತದೆ; ಕೇಳಿದಂತೆ ಬರೆದುಬಿಡಬೇಡಿ.

ಪ್ರಶ್ನೆ: ‘ಐ ವುಡ್ ಬಿ ಜಾಯಿನಿಂಗ್ ದ ಕಾಲ್ ಅಟ್ ಫೋರ್’ ಎಂದು ಬರೆದಾಗ ವಿದೇಶದ ಸಹೋದ್ಯೋಗಿ ‘ಬರುವುದು ಖಂಡಿತವೇ?’ ಎಂದು ಕೇಳಿದರು. – ಪುಣೆಯ ಐಟಿ ಉದ್ಯೋಗಿ

ಉತ್ತರ: ಅವರ ಅನುಮಾನ ಸಹಜ. ‘ವುಡ್’ ಹೆಚ್ಚು ವಿನಯದ್ದು ಎಂದುಕೊಂಡು ನಮ್ಮ ಕಚೇರಿಗಳಲ್ಲಿ ಎಲ್ಲೆಡೆ ಹಾಕುತ್ತಾರೆ. ಆದರೆ ಕೇಳುವವರಿಗೆ ಅದರ ಹಿಂದೆ ಒಂದು ‘ರೆ’ ಕಾಣುತ್ತದೆ: ಬಿಡುವಾದರೆ ಬರುತ್ತಿದ್ದೆ, ಕರೆದಿದ್ದರೆ ಬರುತ್ತಿದ್ದೆ. ಆ ಷರತ್ತು ನಿಮ್ಮ ವಾಕ್ಯದಲ್ಲಿಲ್ಲ. ಖಚಿತವಾದ ಮುಂದಿನ ಕೆಲಸಕ್ಕೆ ‘ಐ ವಿಲ್ ಜಾಯಿನ್’ ಅಥವಾ ‘ಐ ವಿಲ್ ಬಿ ಜಾಯಿನಿಂಗ್’ ಸಾಕು, ಅದರಲ್ಲಿ ಒರಟುತನವೇನೂ ಇಲ್ಲ. ವಿನಯ ಬೇಕಾದದ್ದು ಕೋರಿಕೆಯಲ್ಲಿ: ‘ವುಡ್ ಯು ಸೆಂಡ್ ದ ಫೈಲ್?’ ಷರತ್ತಿನ ವಾಕ್ಯದಲ್ಲಿ ‘ವುಡ್’ ಅನ್ನು ‘ಇಫ್’ ಭಾಗದೊಳಗೆ ತುರುಕಬೇಡಿ. ‘ಇಫ್ ಐ ನ್ಯೂ, ಐ ವುಡ್ ಟೆಲ್ ಯು’ ಸರಿ, ‘ಇಫ್ ಐ ವುಡ್ ನೋ’ ತಪ್ಪು.

ಇದೇ ಕಚೇರಿ ಇಂಗ್ಲಿಷಿನ ಇನ್ನೊಂದು ತೊಡಕು ‘ಕುಡ್’. ‘ಐ ಕುಡ್ ಫಿಕ್ಸ್ ದ ಬಗ್’ ಎಂದರೆ ಸರಿಪಡಿಸಿದೆ ಎಂದಲ್ಲ, ಬೇಕಿದ್ದರೆ ಸರಿಪಡಿಸಬಹುದು ಎಂದು ಓದಿಕೊಳ್ಳುತ್ತಾರೆ. ಒಮ್ಮೆ ಪ್ರಯತ್ನಿಸಿ ಕೈಗೂಡಿದ ಕೆಲಸಕ್ಕೆ ‘ಐ ವಾಸ್ ಏಬಲ್ ಟು ಫಿಕ್ಸ್’, ‘ಐ ಮ್ಯಾನೇಜ್ಡ್ ಟು ಫಿಕ್ಸ್’ ಅಥವಾ ನೇರವಾಗಿ ‘ಐ ಫಿಕ್ಸ್ಡ್’ ಎನ್ನಿ. ಆಗಲಿಲ್ಲ ಎನ್ನಲು ಮಾತ್ರ ‘ಕುಡಂಟ್’ ಧಾರಾಳವಾಗಿ ಬಳಸಬಹುದು.

ಪ್ರಶ್ನೆ: ಹತ್ತನೆಯ ತರಗತಿಯ ಮಗಳು ‘ಶಿ ಕ್ಯಾನ್ ಸಿಂಗ್ಸ್’, ‘ಐ ವಿಲ್ ಕ್ಯಾನ್ ಕಮ್’ ಎಂದು ಬರೆಯುತ್ತಾಳೆ. – ಠಾಣೆಯ ತಾಯಿ

ಉತ್ತರ: ಮುಖ್ಯ ಮೋಡಲ್‌ಗಳು 9: ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಇವುಗಳಿಗೆ ‘ಎಸ್’ ಅಂಟುವುದಿಲ್ಲ, ಮುಂದಿನ ಕ್ರಿಯಾಪದಕ್ಕೂ ಅಂಟುವುದಿಲ್ಲ. ನಡುವೆ ‘ಟು’ ಬರುವುದಿಲ್ಲ. ಒಂಬತ್ತರಲ್ಲಿ ಎರಡು ಒಟ್ಟಿಗೆ ನಿಲ್ಲುವುದಿಲ್ಲ. ಆದ್ದರಿಂದ ‘ವಿಲ್ ಕ್ಯಾನ್’ ಬದಲು ‘ವಿಲ್ ಬಿ ಏಬಲ್ ಟು’. ‘ಕ್ಯಾನ್ ಏಬಲ್ ಟು’ ಎಂಬುದೂ ತಪ್ಪು. ಪ್ರಶ್ನೆ ಮಾಡುವಾಗ ‘ಡು’ ಬೇಡ, ಮೋಡಲ್ಲೇ ಮುಂದೆ ಬರಲಿ: ‘ಕ್ಯಾನ್ ಶಿ ಸಿಂಗ್?’

ಪ್ರಶ್ನೆ: ಹೋಟೆಲಿನ ಫ್ರಂಟ್ ಆಫೀಸಿನಲ್ಲಿದ್ದೇನೆ. ‘ಮೇ ಯು ಫಿಲ್ ದಿಸ್ ಫಾರ್ಮ್’ ಎನ್ನಬಹುದೇ? – ವಾಸ್ಕೋದ ಓದುಗರು

ಉತ್ತರ: ಬೇಡ. ಅನುಮತಿ ಕೇಳುವವರು ನೀವಾದಾಗ ಮಾತ್ರ ‘ಮೇ ಐ’: ‘ಮೇ ಐ ಸೀ ಯುವರ್ ಪಾಸ್‌ಪೋರ್ಟ್?’ ಅತಿಥಿ ಏನಾದರೂ ಮಾಡಬೇಕಿದ್ದರೆ ‘ಕುಡ್ ಯು ಪ್ಲೀಸ್ ಫಿಲ್ ಇನ್ ದಿಸ್ ಫಾರ್ಮ್?’ ನೀವೇ ಮಾಡಿಕೊಡುತ್ತೇನೆ ಎನ್ನುವಾಗ ‘ಶಲ್ ಐ ಕಾಲ್ ಎ ಟ್ಯಾಕ್ಸಿ?’ ಅತಿಥಿ ‘ಕುಡ್ ಯು’ ಎಂದು ಕೇಳಿದರೆ ‘ಯೆಸ್, ಐ ಕುಡ್’ ಎನ್ನಬೇಡಿ, ಮನಸ್ಸಿಲ್ಲದೆ ಒಪ್ಪಿದಂತಾಗುತ್ತದೆ. ‘ಸರ್ಟನ್‌ಲಿ’ ಅಥವಾ ‘ಆಫ್ ಕೋರ್ಸ್’ ಎನ್ನಿ.